ಮದ್ದು ಹಾಕಿದವರು ಯಾರು?

ನಮ್ಮ ಕಡೆ ಯಾರಾದರೂ ಕಾರಣವಿಲ್ಲದೆ ಸೊರಗತೊಡಗಿದರೆ, ಊಟ ಸೇರದಿದ್ದರೆ, ಹಿರಿಯರು ಹೇಳುವ ಮಾತೊಂದಿದೆ: 'ಯಾರೋ ಮದ್ದು ಹಾಕ್ಯಾರ.' ಮೂಢನಂಬಿಕೆಯೇ ಸರಿ. ಆದರೆ ಆ ವಾಕ್ಯದ ವ್ಯಾಕರಣವನ್ನು ಸ್ವಲ್ಪ ಗಮನಿಸಿ. ಅದರಲ್ಲಿ ಅನುಮಾನ ಇರುವುದು ಹಾಕಿದವರ ಮೇಲೆ, ತಿಂದವರ ಮೇಲಲ್ಲ. ಕ್ರೀಡಾ ಸುದ್ದಿಗೆ ಬಂದರೆ ಇದೇ ಕನ್ನಡ ತಲೆಕೆಳಗಾಗುತ್ತದೆ. ಅಲ್ಲಿ 'ಉದ್ದೀಪನ ಮದ್ದು ಸೇವನೆ, ಓಟಗಾರ್ತಿ ಸಿಕ್ಕಿಬಿದ್ದಳು' ಎಂಬ ಧಾಟಿ. ಪ್ರಯೋಗಾಲಯ ಹೇಳುವುದು ಮೂತ್ರದ ಮಾದರಿಯಲ್ಲಿ ಇಂಥ ಪದಾರ್ಥ ಪತ್ತೆಯಾಗಿದೆ ಎಂದಷ್ಟೇ. ಯಾರು ಕೊಟ್ಟರು, ಗೊತ್ತಿದ್ದು ತಿಂದಳೋ ಗೊತ್ತಿಲ್ಲದೆಯೋ ಎಂಬುದು ಆ ಹಾಳೆಯಲ್ಲಿ ಇರುವುದಿಲ್ಲ. 'ಪತ್ತೆ'ಯನ್ನು 'ಸೇವನೆ' ಮಾಡುವುದು ನಮ್ಮ ಸುದ್ದಿಮನೆ.

ನಾನು ಕಲಬುರಗಿಯಲ್ಲಿದ್ದು ಕನ್ನಡ ಪತ್ರಿಕೆಗಳ ಭಾಷೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು. ಕ್ರೀಡಾಪುಟ ನನ್ನ ಪ್ರಬಂಧದೊಳಗಿಲ್ಲ. ಗೈಡ್ ಕೇಳಿದರೆ 'ಮೊದಲು ಮೂರನೇ ಅಧ್ಯಾಯ ಮುಗಿಸಮ್ಮಾ' ಎನ್ನುತ್ತಾರೆ. ಆದರೂ ಇದನ್ನು ಬರೆಯಲು ಮನೆಯಲ್ಲೇ ಒಂದು ಕಾರಣ ಹುಟ್ಟಿಕೊಂಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

2010ರ ಅಕ್ಟೋಬರ್. ನಾನು ಕಮಲಾಪುರದಲ್ಲಿ ಎಂಟನೇ ಕ್ಲಾಸು. ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳೆಯರ 4x400 ರಿಲೇ ಚಿನ್ನ ಬಂತು. ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಜೊತೆ ನಮ್ಮವರೇ ಆದ ಅಶ್ವಿನಿ ಅಕ್ಕುಂಜಿ. ಕುಂದಾಪುರದ ಸಿದ್ದಾಪುರದ ಕಡೆಯ ರೈತರ ಮನೆಯ ಮಗಳು. ಮುಂದಿನ ತಿಂಗಳೇ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇಯಲ್ಲಿ ಮತ್ತೊಂದು ಚಿನ್ನ. ನಾನು ಆಗ ಹೋಬಳಿ ಮಟ್ಟದಲ್ಲಿ 400 ಓಡುತ್ತಿದ್ದೆ, ಹೆಚ್ಚಾಗಿ ಮೂರನೆಯವಳಾಗಿ. ನಮ್ಮ ಪಿ.ಟಿ. ಮಾಸ್ತರರು ಅಶ್ವಿನಿಯವರ ಪೇಪರ್ ಫೋಟೋ ಕತ್ತರಿಸಿ ನೋಟಿಸ್ ಬೋರ್ಡಿಗೆ ಚುಚ್ಚಿದ್ದರು. ಮರುವರ್ಷ ಶಾಲೆ ಶುರುವಾಗಿ ಒಂದೆರಡು ತಿಂಗಳಿಗೆ ಆ ಫೋಟೋ ಇರಲಿಲ್ಲ. ನಾಲ್ಕು ಗುಂಡುಪಿನ್ನು ಹಾಗೇ ಇದ್ದವು. ಯಾಕೆ ಸರ್ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಗಿದ್ದು ಇಷ್ಟು. 2011ರ ಜೂನ್ ಕೊನೆಯಲ್ಲಿ ಪಟಿಯಾಲದ ರಾಷ್ಟ್ರೀಯ ಶಿಬಿರದಲ್ಲಿ ತೆಗೆದುಕೊಂಡ ಮಾದರಿಯಲ್ಲಿ ಅಶ್ವಿನಿಯವರಿಗೆ ಅನಬಾಲಿಕ್ ಸ್ಟೆರಾಯ್ಡ್ ಪತ್ತೆಯಾಯಿತು. ಅವರಿಗಾಗ 23. ಅದೇ ಹೊತ್ತಿನ ಪರೀಕ್ಷೆಗಳಲ್ಲಿ ಮನ್‌ದೀಪ್, ಸಿನಿ ಸೇರಿ ಒಟ್ಟು ಆರು ಓಟಗಾರ್ತಿಯರು ಸಿಕ್ಕಿದರು. ಒಂದೇ ಶಿಬಿರ, ಒಂದೇ ಕೋಚ್. ಉಕ್ರೇನಿನ ಯೂರಿ ಒಗೊರೊದ್ನಿಕ್ ಚೀನಾದಲ್ಲಿ ಕೊಂಡುತಂದಿದ್ದ ಜಿನ್ಸೆಂಗ್ ಪೂರಕವೇ ಇದಕ್ಕೆ ಮೂಲ ಎಂದು ಹುಡುಗಿಯರು ವಾದಿಸಿದರು. ನಾಡಾದ ಶಿಸ್ತುಸಮಿತಿ ಡಿಸೆಂಬರ್‌ನಲ್ಲಿ ಆ ವಾದವನ್ನು ಒಪ್ಪಿ ಶಿಕ್ಷೆಯನ್ನು 1 ವರ್ಷಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಸ್ವಿಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸ್ ಶುರುವಾಗುವ ಹೊಸ್ತಿಲಲ್ಲಿ, ಶಿಕ್ಷೆ 2 ವರ್ಷವಾಯಿತು.

ನಾನು ಈ ತೀರ್ಪು ತಪ್ಪೆಂದು ವಾದಿಸುತ್ತಿಲ್ಲ. ಮೈಯಲ್ಲಿ ಏನು ಸಿಕ್ಕರೂ ಹೊಣೆ ಆಟಗಾರರದೇ ಎಂಬ ನಿಯಮ ಕಠೋರವಾದರೂ ಬೇಕು. ಅದಿಲ್ಲದಿದ್ದರೆ ಸಿಕ್ಕಿದ ಪ್ರತಿಯೊಬ್ಬರ ಕೈಯಲ್ಲೂ ಒಂದು ಜಿನ್ಸೆಂಗ್ ಡಬ್ಬಿ ಇರುತ್ತದೆ. ಏನೂ ತಿನ್ನದೆ ನಾಲ್ಕನೆಯವಳಾಗಿ ಬಂದು ಬರಿಗೈಲಿ ಮನೆಗೆ ಹೋದವಳೊಬ್ಬಳು ಎಲ್ಲ ಓಟದಲ್ಲೂ ಇರುತ್ತಾಳೆ, ಆ ನಿಯಮ ಇರುವುದು ಅವಳಿಗಾಗಿ. ಮಂಗಳೂರಿನ ಎಂ.ಆರ್. ಪೂವಮ್ಮ ಅವರ ಮಾದರಿಯಲ್ಲಿ 2021ರಲ್ಲಿ ನಿಷೇಧಿತ ಪದಾರ್ಥ ಪತ್ತೆಯಾದಾಗ ಅವರಿಗೆ 30 ವರ್ಷ, ಒಲಿಂಪಿಕ್ಸ್ ಕಂಡ ಅನುಭವ. ಮೇಲ್ಮನವಿ ಸಮಿತಿ 2 ವರ್ಷ ನಿಷೇಧ ಹಾಕಿದ್ದನ್ನು ನಾನು ಪ್ರಶ್ನಿಸುವುದಿಲ್ಲ.

ನನ್ನ ಜಗಳ ಬೇರೆ. ನಿಯಮ ಆಟಗಾರ್ತಿಯನ್ನು ಹಿಡಿಯುತ್ತದೆ, ಆದರೆ ಪತ್ರಕರ್ತರು ನಿಯಮದ ಗುಮಾಸ್ತರಲ್ಲವಲ್ಲ! ಶಿಬಿರದಲ್ಲಿ ಆ ಹುಡುಗಿಯರು ಏನು ತಿನ್ನಬೇಕು, ಎಷ್ಟಕ್ಕೆ ಏಳಬೇಕು ಎಂದು ಹೇಳುತ್ತಿದ್ದವರು ದೊಡ್ಡವರು. ಅಲ್ಲಿ ವೈದ್ಯರಿದ್ದರು, ಅಧಿಕಾರಿಗಳಿದ್ದರು, ಫೆಡರೇಷನ್ ಇತ್ತು. ಅವರಲ್ಲಿ ಎಷ್ಟು ಜನರ ಹೆಸರು ನಿಮಗೆ ನೆನಪಿದೆ? ಅಶ್ವಿನಿ ಅಕ್ಕುಂಜಿ ಎಂದರೆ ಈಗಲೂ ಕೇಳಿದವರು 'ಆ ಡೋಪಿಂಗ್‌ನಾಕಿ ಅಲ್ಲೇನ್ರೀ' ಎನ್ನುತ್ತಾರೆ. ಕೋಚನ್ನು 2011ರ ಜುಲೈನಲ್ಲಿ ಕೆಲಸದಿಂದ ತೆಗೆದರು. ಕೆಲವು ವರ್ಷಗಳ ಬಳಿಕ ಅದೇ ಕೋಚ್ ಭಾರತದ ಮಹಿಳಾ ರಿಲೇ ಓಟಗಾರ್ತಿಯರ ತರಬೇತಿಗೆ ಮರಳಿದರು. ಮರಳಿದ್ದು ತಪ್ಪೋ ಸರಿಯೋ, ಬೇರೆ ಮಾತು. ಹುಡುಗಿಯರು ಸಿಕ್ಕಿದ ದಿನ ಎಷ್ಟು ದೊಡ್ಡ ಅಕ್ಷರ ಬಳಸಿದ್ದೆವೋ ಅಷ್ಟೇ ದೊಡ್ಡ ಅಕ್ಷರದಲ್ಲಿ ಅದೂ ಸುದ್ದಿಯಾಗಬೇಕಿತ್ತು ಎಂಬುದಷ್ಟೇ ನನ್ನ ಮಾತು.

ಇದು ನಮ್ಮೂರಿನ ರೋಗ ಮಾತ್ರವಲ್ಲ. 2022ರ ಫೆಬ್ರುವರಿಯಲ್ಲಿ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್. ರಷ್ಯಾದ ಫಿಗರ್ ಸ್ಕೇಟರ್ ಕಮಿಲಾ ವಲಿಯೆವಾ, ವಯಸ್ಸು 15. ನಮಗೆ ಐಸು ಎಂದರೆ ಕಬ್ಬಿನ ಹಾಲಿನ ಗ್ಲಾಸಿನಲ್ಲಿ ತೇಲುವ ತುಂಡು, ಆದರೂ ಹಾಸ್ಟೆಲಿನಲ್ಲಿ ನಾವೆಲ್ಲ ಮೊಬೈಲಿನಲ್ಲಿ ಆಕೆಯನ್ನು ನೋಡಿದೆವು. ಹಿಂದಿನ ಡಿಸೆಂಬರ್ 25ರಂದು ಕೊಟ್ಟ ಮಾದರಿಯ ಫಲಿತಾಂಶ ಬಂದದ್ದು ಒಲಿಂಪಿಕ್ಸ್ ನಡುವೆ, ತಂಡದ ಸ್ಪರ್ಧೆ ಮುಗಿದ ಮೇಲೆ. ಸಿಕ್ಕಿದ್ದು ಟ್ರೈಮೆಟಾಜಿಡಿನ್, ಹೃದ್ರೋಗಿಗಳು ನುಂಗುವ ಔಷಧ. 16 ತುಂಬದವರ ಹೆಸರು ಬಹಿರಂಗ ಮಾಡುವುದು ನಿಯಮದಲ್ಲಿ ಕಡ್ಡಾಯವಲ್ಲ. ಆದರೆ ಅಧಿಕಾರಿಗಳು ಬಾಯಿ ಬಿಡುವ ಮೊದಲೇ ಮಾಧ್ಯಮ ಹೆಸರು ಬಯಲು ಮಾಡಿತ್ತು. ಆಮೇಲೆ ಅಭ್ಯಾಸಕ್ಕೆ ಬಂದಾಗಲೂ ಕ್ಯಾಮೆರಾ, ಅಳುತ್ತಾ ಹೋದಾಗಲೂ ಕ್ಯಾಮೆರಾ. ಫೆಬ್ರುವರಿ 17ರ ಕೊನೆಯ ಸ್ಪರ್ಧೆಯಲ್ಲಿ ಆಕೆ ಮತ್ತೆ ಮತ್ತೆ ಬಿದ್ದಳು, ನಾಲ್ಕನೆಯವಳಾದಳು. ಹೊರಬಂದವಳನ್ನು ಕೋಚ್ ತಬ್ಬಿಕೊಳ್ಳಲಿಲ್ಲ. ಹೋರಾಡುವುದನ್ನು ಯಾಕೆ ಬಿಟ್ಟೆ ಎಂದು ಕೇಳಿದರು, ಅದೂ ಕ್ಯಾಮೆರಾದ ಮುಂದೆ. ಎರಡು ವರ್ಷದ ನಂತರ ಬಂದ ತೀರ್ಪಿನ ಹಾಳೆಯಲ್ಲಿ 4 ವರ್ಷದ ಶಿಕ್ಷೆ ಇದ್ದದ್ದು ಆಕೆಯೊಬ್ಬಳಿಗೇ. 15 ವರ್ಷದ ಹುಡುಗಿ ಹೃದಯದ ಗುಳಿಗೆಯನ್ನು ತಾನೇ ಹುಡುಕಿ ತಂದಳೆಂದು ನಂಬುವವರು ಯಾರಿದ್ದೀರಿ?

ನಾವು ರಷ್ಯಾವನ್ನು ನೋಡಿ ಮೂಗು ಮುರಿಯುವ ಹಾಗಿಲ್ಲ. ಮೈನರ್ ಆಟಗಾರರ ಡೋಪಿಂಗ್ ಪ್ರಕರಣಗಳ ಬಗ್ಗೆ ವಾಡಾ 2024ರ ಜನವರಿಯಲ್ಲಿ ಪ್ರಕಟಿಸಿದ ವರದಿಯಲ್ಲಿ ಮೊದಲ ಸ್ಥಾನ ರಷ್ಯಾದ್ದು, ಎರಡನೆಯದು ಭಾರತದ್ದು. ಶಿಕ್ಷೆಗೊಳಗಾದ ಅತಿ ಕಿರಿಯ ಆಟಗಾರನ ವಯಸ್ಸು 12. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾ ಅಧಿಕಾರಿಗಳು ಬಂದರೆಂಬ ಸುದ್ದಿ ಹಬ್ಬಿ, ಪುರುಷರ 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ. ಸ್ಟೀಪಲ್‌ಚೇಸ್‌ನ ಜೂನಿಯರ್ ಹುಡುಗಿಯೊಬ್ಬಳು ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು, ಹಿಂದೆ ಅಧಿಕಾರಿ. ನಾವದನ್ನು ಜೋಕಿನಂತೆ ಫಾರ್ವರ್ಡ್ ಮಾಡಿದೆವು. ನಾನೂ ಮಾಡಿದೆ. ಆ ಹುಡುಗಿ ಯಾರಿಗೆ ಹೆದರಿ ಓಡುತ್ತಿದ್ದಳು, ಅಧಿಕಾರಿಗೋ, ಮನೆಗೋ, ಕೋಚಿಗೋ ಎಂದು ಆಗ ಹೊಳೆಯಲಿಲ್ಲ.

ಇನ್ನು ಮನೆಯ ಕಾರಣ. ನನ್ನ ಅಣ್ಣನ ಮಗಳಿಗೆ 14. ಕಮಲಾಪುರದಲ್ಲಿ ಓದುತ್ತಾಳೆ, ನನ್ನಂತೆ ಮೂರನೆಯವಳಲ್ಲ, ಮೊದಲನೆಯವಳು. ಈ ಸಲ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 400 ಗೆದ್ದಳು. ಗೆದ್ದ ಮರುದಿನವೇ ಮೊಬೈಲಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬ ಮನೆಗೆ ಬಂದ. 'ಒಲಿಂಪಿಕ್ಸ್‌ಗೆ ಯಾವಾಗ ಹೋಗ್ತಿ?' ಮೊದಲ ಪ್ರಶ್ನೆಯೇ ಅದು. ಅವಳು ಕಮಲಾಪುರ ದಾಟಿ ನೋಡಿದ್ದೇ ಕಲಬುರಗಿ ಮತ್ತು ಒಮ್ಮೆ ಬೀದರ. ಅಣ್ಣ ಅಭಿಮಾನದಿಂದ ನಗುತ್ತಿದ್ದ. ಅವಳು 'ಹೋಗ್ತೀನ್ರಿ' ಅಂದಳು. ಇನ್ನೇನು ಹೇಳಬೇಕಿತ್ತು? ಆ ವಿಡಿಯೋ ನಾನೇ ಸ್ಟೇಟಸ್‌ಗೆ ಹಾಕಿಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅವಳು ಬಸ್ಸು ಹತ್ತಿ ನನ್ನ ಹಾಸ್ಟೆಲಿಗೆ ಬಂದಳು. ಚೀಲದಲ್ಲಿ ಅರ್ಧ ಡಜನ್ ನಮ್ಮೂರ ಕೆಂಪು ಬಾಳೆಹಣ್ಣು, ಅವುಗಳ ಅಡಿಯಲ್ಲಿ ಒಂದು ಕರಿ ಪ್ಲಾಸ್ಟಿಕ್ ಡಬ್ಬಿ. ಪೊಲೀಸ್ ಭರ್ತಿಗೆ ಹುಡುಗರನ್ನು ಓಡಿಸುವವನೊಬ್ಬ ಈಗ ಅವಳನ್ನೂ ಓಡಿಸುತ್ತಾನೆ, ಅವನು ಕೊಟ್ಟಿದ್ದಂತೆ. ಬಾಳೆಹಣ್ಣಿನಿಂದ ಮೆಡಲ್ ಬರೋದಿಲ್ಲ ಎಂದಿದ್ದಾನಂತೆ.

'ಅತ್ತಿ, ಇದು ಕುಡದ್ರ ಏನರ ಆಗ್ತದೇನ?'

ಡಬ್ಬಿ ತಿರುಗಿಸಿ ನೋಡಿದೆ. ಹುಲಿಯ ಚಿತ್ರ ಇದೆ, ತೋಳಿನ ಚಿತ್ರ ಇದೆ. ಒಳಗೆ ಏನಿದೆ ಎಂದು ಬರೆಯುವ ಜಾಗದಲ್ಲಿ 'ಸ್ಪೆಷಲ್ ಬ್ಲೆಂಡ್' ಎಂದಿದೆ. ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್ ಇಳಿಸಿಕೊಂಡೆ. ಅದರಲ್ಲಿ ಹುಡುಕಲು ಔಷಧದ್ದೋ ಪದಾರ್ಥದ್ದೋ ಹೆಸರು ಬೇಕು. ಡಬ್ಬಿಯ ಮೇಲೆ ಹೆಸರೇ ಇಲ್ಲದಿದ್ದರೆ ಏನೆಂದು ಟೈಪ್ ಮಾಡಲಿ? ಕನ್ನಡ ಓದುವ ಪಿಎಚ್.ಡಿ. ವಿದ್ಯಾರ್ಥಿನಿಗೆ ಗೊತ್ತಾಗದ್ದು ಒಂಬತ್ತನೇ ಕ್ಲಾಸಿನ ಹುಡುಗಿಗೆ ಗೊತ್ತಿರಬೇಕು ಎನ್ನುತ್ತದೆ ನಿಯಮ. ನಾಳೆ ಅವಳು ರಾಜ್ಯಮಟ್ಟಕ್ಕೆ ಹೋಗಿ, ಅಲ್ಲಿ ಯಾರೋ ಬಾಟಲಿ ಹಿಡಿದು ನಿಂತು, ಮಾದರಿಯಲ್ಲಿ ಏನೋ ಪತ್ತೆಯಾದರೆ, ಅದೇ ಮೈಕಿನವನು ಅದೇ ಮನೆಗೆ ಬರುತ್ತಾನೆ. ಡಬ್ಬಿ ಕೊಟ್ಟವನ ಮನೆಗಲ್ಲ. ಅವನ ಮನೆ ಹುಡುಕುವುದು ಕಷ್ಟವೇನಲ್ಲ, ಅದೇ ಓಣಿಯಲ್ಲಿದೆ.

ಸಂಪಾದಕರೇ, ವರದಿಗಾರರೇ, ಮೊಬೈಲ್ ಮೈಕಿನ ಅಣ್ಣಂದಿರೇ, 'ಪತ್ತೆ' ಎಂದಿದ್ದರೆ 'ಪತ್ತೆ' ಎಂದೇ ಬರೆಯಿರಿ. ಹದಿನೆಂಟು ತುಂಬದವರ ಹೆಸರು, ಫೋಟೋ ಬಿಡಿ. ಬಿಡಲಾಗದಿದ್ದರೆ, ಆ ಹೆಸರಿನ ಪಕ್ಕದಲ್ಲೇ ಕೋಚಿನ ಹೆಸರು, ಶಿಬಿರದ ವೈದ್ಯರ ಹೆಸರು, ಹೊಣೆ ಹೊತ್ತ ಅಧಿಕಾರಿಯ ಹೆಸರು ಅದೇ ಅಳತೆಯ ಅಕ್ಷರದಲ್ಲಿ ಹಾಕಿ, ಅವರು ಏನು ಹೇಳುತ್ತಾರೆಂದು ಕೇಳಿ. 'ಪ್ರತಿಕ್ರಿಯೆಗೆ ಸಿಗಲಿಲ್ಲ' ಎಂದಾದರೂ ಬರೆಯಿರಿ. ಅವರ ಬಗ್ಗೆ ನಾನು ಆ ಸಾಲನ್ನೂ ಓದಿದ ನೆನಪಿಲ್ಲ.

ಡಬ್ಬಿಯನ್ನು ನಾನು ವಾಪಸು ಕೊಡಲಿಲ್ಲ. ಕಪಾಟಿನಲ್ಲಿ, ಹಳೆಯ ಪತ್ರಿಕೆಗಳ ಕಟ್ಟಿನ ಪಕ್ಕದಲ್ಲಿಟ್ಟಿದ್ದೇನೆ. ಬಾಳೆಹಣ್ಣು ಅವಳೂ ನಾನೂ ಆವತ್ತೇ ತಿಂದು ಮುಗಿಸಿದೆವು. ಮೊನ್ನೆ ಫೋನ್ ಮಾಡಿದ್ದಳು. ಅವನು ದಿನಾ ಕೇಳುತ್ತಾನಂತೆ, ಡಬ್ಬಿ ಖಾಲಿ ಆಯ್ತೇನು, ಇನ್ನೊಂದು ಕೊಡಲೇನು ಎಂದು.

'ಏನ್ ಹೇಳ್ಲಿ ಅತ್ತಿ?' ಅಂದಳು.