ಹಂಡೆ ತುಂಬಿದೆಯಾ?

ದೀಪಾವಳಿ ಸಂಚಿಕೆಯ ಸಂಪಾದಕರು ಪ್ರತಿವರ್ಷ ಫೋನ್ ಮಾಡಿ, "ಡಾಕ್ಟ್ರೇ, ನಿಮ್ಮದೊಂದೇ ಬಾಕಿ" ಎನ್ನುವುದು, ನಾನು "ಈ ಭಾನುವಾರ ಖಂಡಿತ" ಎನ್ನುವುದು ನಮ್ಮಿಬ್ಬರ ನಡುವಿನ ಹಬ್ಬದ ಆಚರಣೆ. ಹಿಂದಿನ ಸಂಚಿಕೆಗಳಲ್ಲಿ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಮಂಡಿನೋವು ಎಂದೆಲ್ಲ ಬರೆದು ನಿಮ್ಮ ಹೋಳಿಗೆಯ ರುಚಿ ಕೆಡಿಸಿದ್ದೇನೆ. ಈ ಸಲ ರೋಗಿ ಮನುಷ್ಯನಲ್ಲ, ನಮ್ಮ ಮೋಟರ್‌ಹೋಮ್. ರೋಗ, ನಲ್ಲಿಯಲ್ಲಿ ನೀರು ಸರಿಯಾಗಿ ಬಾರದಿರುವುದು. ವೈದ್ಯ ನಾನೇ. ರೋಗ ತಂದವನೂ ನಾನೇ ಎಂಬುದು ಆಮೇಲೆ ಗೊತ್ತಾಯಿತು.

2020ರಲ್ಲಿ ಕೋವಿಡ್ ಬಂದು, ವಿಮಾನ, ಹೋಟೆಲು ಎಂದರೆ ಎಲ್ಲರೂ ಹೆದರುತ್ತಿದ್ದ ಕಾಲದಲ್ಲಿ ಎಡಿಸನ್ನಿನ ನಾವು ಮೂರು ಮನೆಯವರು, ಇಬ್ಬರು ಕನ್ನಡಿಗರು, ಒಬ್ಬರು ಗುಜರಾತಿಗಳು, ಸೇರಿ 24 ಅಡಿ ಉದ್ದದ ಹಳೆಯ ಮೋಟರ್‌ಹೋಮ್ ಒಂದನ್ನು ಕೊಂಡೆವು. ಅಡುಗೆಮನೆ, ಬಚ್ಚಲು, ಹಾಸಿಗೆ ಎಲ್ಲವೂ ಚಕ್ರದ ಮೇಲೆ. ಸೈಟಿಗೆ ಅರ್ಜಿ ಹಾಕಿ ಕಾದಿದ್ದ ನಮ್ಮ ಅಪ್ಪ ಇದನ್ನು ನೋಡಿದ್ದರೆ, "ಸೈಟೇ ಇಲ್ಲದ ಮನೆಗೆ ತೆರಿಗೆ ಎಲ್ಲಿ ಕಟ್ಟುತ್ತೀಯೋ?" ಎಂದು ಕೇಳುತ್ತಿದ್ದರೇನೋ.

ಕಳೆದ ಮೇ ತಿಂಗಳ ಕೊನೆಯಲ್ಲಿ, ಮೆಮೋರಿಯಲ್ ಡೇ ರಜೆಗೆ, ವಾಟ್ಕಿನ್ಸ್ ಗ್ಲೆನ್‌ಗೆ ಹೊರಟೆವು. ಹೆಂಡತಿ, ಇಬ್ಬರು ಮಕ್ಕಳು, ಏಪ್ರಿಲ್‌ನಲ್ಲಿ ಅರಸೀಕೆರೆಯಿಂದ ಬಂದಿದ್ದ ಅಮ್ಮ. ಅಮ್ಮನಿಗೆ ಎಂಬತ್ತೊಂದು. ಒಂದು ಮಂಡಿ ಬದಲಾಯಿಸಿದೆ, ಇನ್ನೊಂದು ಬದಲಾಯಿಸಬೇಕು. 80ರಲ್ಲಿ ಹೋಗಿ, ಡೆಲವೇರ್ ವಾಟರ್ ಗ್ಯಾಪ್ ದಾಟಿ, ಪೋಕನೋಸ್ ಗುಡ್ಡಗಳನ್ನು ಹತ್ತಿಳಿದು, ಬಿಂಗಮ್ಟನ್ ಮೇಲೆ ಸೆನೆಕಾ ಸರೋವರದ ದಡ ಮುಟ್ಟುವಾಗ ಸಂಜೆ. ಅಲ್ಲಿನ ಕಮರಿಯಲ್ಲಿ ಎರಡು ಮೈಲಿಯೊಳಗೆ 19 ಜಲಪಾತಗಳಿವೆಯಂತೆ. ನಮ್ಮ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಮಾತ್ರ ದೀಪದ ಬತ್ತಿಯಷ್ಟು ಸಣ್ಣ ಧಾರೆ.

"ಏನ್ರೀ ಇದು, ಅಕ್ಕಿ ತೊಳೆಯೋದು ಯಾವಾಗ?" ಎಂದಳು ನನ್ನಾಕೆ.

ಇಂಥ ಗಾಡಿಗೆ ನೀರು ಬರುವ ದಾರಿ ಎರಡು. ಒಂದು, ಗಾಡಿಯ ಹೊಟ್ಟೆಯಲ್ಲಿರುವ ನಮ್ಮದೇ ಟ್ಯಾಂಕು; ಅದರಿಂದ 12 ವೋಲ್ಟಿನ ಪುಟ್ಟ ಪಂಪು ನೀರೆತ್ತುತ್ತದೆ. ಇನ್ನೊಂದು, ಕ್ಯಾಂಪ್‌ಗ್ರೌಂಡಿನ ನಲ್ಲಿಗೆ ಹೋಸ್ ಸಿಕ್ಕಿಸಿ ನೇರವಾಗಿ ತೆಗೆದುಕೊಳ್ಳುವುದು. ಎರಡೂ ಒಳಗೆ ಒಂದೇ ಪೈಪನ್ನು ಸೇರುತ್ತವೆ. ಅಲ್ಲಿಂದ ಒಂದು ಕವಲು ತಣ್ಣೀರಿನ ನಲ್ಲಿಗಳಿಗೆ, ಇನ್ನೊಂದು ವಾಟರ್ ಹೀಟರಿನ ಮೂಲಕ ಬಿಸಿನೀರಿನ ನಲ್ಲಿಗಳಿಗೆ. ನಮ್ಮ ಹೀಟರಿಗೆ ಆರು ಗ್ಯಾಲನ್, ಅಂದರೆ ಸುಮಾರು 23 ಲೀಟರ್ ಹಿಡಿಯುತ್ತದೆ. ಗ್ಯಾಸಿನಲ್ಲಿ ಉರಿಯುವ ಪುಟ್ಟ ಹಂಡೆ ಅನ್ನಿ.

ಒಂದು ಕಾಲು ಮಾತ್ರ ಊದಿಕೊಂಡು ಬಂದ ರೋಗಿಯನ್ನು ಕಂಡರೆ ನಾವು ಆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಮೊದಲು ನೋಡುತ್ತೇವೆ. ಎರಡೂ ಕಾಲು ಊದಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ಕಡೆ ತಿರುಗುತ್ತೇವೆ. ಇಲ್ಲೂ ಅದೇ ಲೆಕ್ಕ. ಒಂದೇ ನಲ್ಲಿ ಸೊರಗಿದ್ದರೆ ತಪ್ಪು ಆ ನಲ್ಲಿಯದು. ಬಾಯಲ್ಲಿರುವ ಜಾಲರಿ ಬಿಚ್ಚಿ ವಿನಿಗರ್‌ನಲ್ಲಿ ನೆನೆಸಿದರೆ ಅರ್ಧ ಜನ್ಮ ಬರುತ್ತದೆ. ಬಿಸಿನೀರಿನ ನಲ್ಲಿಗಳು ಮಾತ್ರ ಸೊರಗಿದ್ದರೆ ಹೀಟರಿನ ದಾರಿಯಲ್ಲಿ ಹುಡುಕಬೇಕು. ಎಲ್ಲವೂ ಸೊರಗಿದ್ದರೆ ಮೂಲದಲ್ಲಿ.

ನಮ್ಮಲ್ಲಿ ಎಲ್ಲವೂ ಸೊರಗಿದ್ದವು. ಹೊರಗಿನ ನಲ್ಲಿ ನಿಲ್ಲಿಸಿ, ಟ್ಯಾಂಕಿನಲ್ಲಿದ್ದ ನೀರಿಗೆ ಪಂಪು ಹಾಕಿದೆ. ಭೋರೆಂದು ಬಂತು! ಅಲ್ಲಿಗೆ ಒಳಗಿನ ಪೈಪು, ನಲ್ಲಿ, ಪಂಪು ಎಲ್ಲ ಆರೋಗ್ಯವಾಗಿವೆ ಎಂದಾಯಿತು. ಕಾಯಿಲೆ ಹೋಸಿನಿಂದ ಈಚೆ, ಗಾಡಿಯ ಗೋಡೆಯವರೆಗೆ. ಆ ಗೋಡೆಯಲ್ಲಿ ಹೋಸ್ ಸೇರುವ ಬಾಯಿಗೆ ನಾಲ್ಕಾಣೆ ಅಗಲದ ಒಂದು ಜಾಲರಿಯಿದೆ. ಟಾರ್ಚ್ ಬಿಟ್ಟು ನೋಡಿದರೆ ಮರಳು, ತುಕ್ಕು, ಸುಣ್ಣದ ಹರಳು ಗಟ್ಟಿಯಾಗಿ ಕೂತಿದ್ದವು. ಹಳೆಯ ಟೂತ್‌ಬ್ರಷ್ಷಿನಿಂದ ಐದು ನಿಮಿಷದ ಕೆಲಸ. ಒಂದು ಎಚ್ಚರಿಕೆ: ಜಾಲರಿ ಕೀಳುವ ಮೊದಲು ಹೊರಗಿನ ನಲ್ಲಿ, ಪಂಪು ಎರಡನ್ನೂ ನಿಲ್ಲಿಸಿ, ಒಳಗಿನ ಒಂದು ನಲ್ಲಿ ತೆರೆದು ಒತ್ತಡ ಇಳಿಸಿಕೊಳ್ಳಿ. ಇಲ್ಲದಿದ್ದರೆ ಅದರ ಹಿಂದಿರುವ, ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವು ನಿಮ್ಮ ಮುಖಕ್ಕೇ ಹಾರಿ ಬರಬಹುದು.

ಒತ್ತಡ ಎಂದೆನಲ್ಲ, ಹೋಸಿನ ತುದಿಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕದೆ ಯಾವ ಕ್ಯಾಂಪಿನ ನಲ್ಲಿಗೂ ಗಾಡಿ ಜೋಡಿಸಬೇಡಿ. ನಮ್ಮದನ್ನು 45 ಪಿಎಸ್‌ಐಗೆ ಇಟ್ಟಿದ್ದೇನೆ. ನಿಮ್ಮ ಬಿ.ಪಿ.ಯ ಮೇಲಿನ ಅಂಕಿ 120 ಇದ್ದರೆ, ಅದೇ ಅಳತೆಯಲ್ಲಿ ಎರಡೂಕಾಲು ಪಿಎಸ್‌ಐ ಚಿಲ್ಲರೆ. ಎಪ್ಪತ್ತು, ಎಂಬತ್ತು ವರ್ಷ ಇಷ್ಟರಲ್ಲೇ ಸಂಸಾರ ತೂಗಿಸುವ ಹೃದಯದ ಮೇಲೆ ಆ ದಿನ ನನಗೆ ಗೌರವ ಇನ್ನೂ ಹೆಚ್ಚಾಯಿತು.

ರಾತ್ರಿ ಚಿತ್ರಾನ್ನ ಉಂಡು ಮಲಗುವ ಮುನ್ನ ಅಮ್ಮ ಕೇಳಿದರು, "ನಾಳೆ ಬೆಳಗ್ಗೆ ಐದು ಗಂಟೆಯೊಳಗೆ ತಲೆಗೆ ನೀರು ಹಾಕ್ಕೋಬೇಕು ಕಣೋ. ಬಿಸಿನೀರು ಸಿಗುತ್ತಾ?"

"ಯಾಕಮ್ಮ ಅಷ್ಟು ಬೇಗ? ಎಂಟು ಗಂಟೆಗೆ ಮಾಡಿದರಾಯ್ತು."

"ಸಿಗುತ್ತೋ ಇಲ್ವೋ ಹೇಳು."

"ಸಿಗುತ್ತೆ, ಮಲಕ್ಕೋ" ಎಂದೆ. ಜಾಲರಿ ತೊಳೆದ ಗರ್ವ ಇನ್ನೂ ಇಳಿದಿರಲಿಲ್ಲ. ಮಕ್ಕಳು, ನಾವು ಕ್ಯಾಂಪಿನ ಸ್ನಾನದ ಕಟ್ಟಡಕ್ಕೇ ಹೋಗುವವರು. ಆದರೆ ಅದು ಇನ್ನೂರು ಹೆಜ್ಜೆ ದೂರ, ಜಲ್ಲಿಕಲ್ಲಿನ ಇಳಿಜಾರು. ಕತ್ತಲಲ್ಲಿ ಅಮ್ಮನ ಮಂಡಿಗೆ ಆಗದ ಮಾತು.

ಬೆಳಗ್ಗೆ ಮೂರೂಮುಕ್ಕಾಲಿಗೆ ಎದ್ದೆ. ಹೀಟರ್ ಹಚ್ಚುವ ಮೊದಲು ಟ್ಯಾಂಕಿನಲ್ಲಿ ನೀರಿದೆಯೇ ನೋಡಬೇಕು ಎಂಬುದು ಮೊದಲ ಪಾಠ. ಬಿಸಿನೀರಿನ ನಲ್ಲಿ ತಿರುಗಿಸಿದೆ, ಧಾರಾಳವಾಗಿ ನೀರು ಬಂತು. ಸರಿ ಎಂದು ಸ್ವಿಚ್ ಹಾಕಿದೆ. ಹೊರಗೆ ಗೊರ್ ಎಂದು ಉರಿ ಹತ್ತಿದ ಸದ್ದು. ಹತ್ತು ನಿಮಿಷ ಬಿಟ್ಟು ಕೈಯಿಟ್ಟರೆ ನೀರು ಸೆನೆಕಾ ಸರೋವರದಷ್ಟೇ ತಣ್ಣಗೆ. ಹದಿನೈದು ನಿಮಿಷ, ಹಾಗೇ. ಉರಿ ಮಾತ್ರ ಹತ್ತುವುದು, ಆರುವುದು, ಮತ್ತೆ ಹತ್ತುವುದು. ಥರ್ಮೋಸ್ಟಾಟ್ ಕೆಟ್ಟಿದೆ ಎಂದು ತೀರ್ಮಾನಿಸಿ, ಫೋನಿನಲ್ಲಿ ಅದರ ಬೆಲೆ ಹುಡುಕತೊಡಗಿದೆ. ನಮ್ಮವರ ಹಳೇ ಚಾಳಿ ಇದು. ರೋಗಿಯ ಮುಖ ನೋಡುವ ಮೊದಲೇ ಟೆಸ್ಟಿಗೆ ಬರೆಯುವುದು.

ಅಮ್ಮ ಟವೆಲು, ಊರಿನಿಂದಲೇ ತಂದ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಹಂಡೆ ತುಂಬಿದೆಯಾ?"

"ತುಂಬಿದೆ ಅಮ್ಮ. ನಲ್ಲೀಲಿ ನೀರು ಬರ್ತಾ ಇದೆಯಲ್ಲ."

"ನಲ್ಲೀಲಿ ಬಂದರೆ ಹಂಡೇಲಿ ಇದ್ದಂಗೇನೋ? ನೀನು ಹಂಡೆ ನೋಡಿದೆಯಾ? ತುಂಬಿದ ಹಂಡೆ ಕಾಯೋವಾಗ ಗುಂಯ್ ಅಂತ ಒಂದು ಸದ್ದು ಬರುತ್ತೆ. ಇದು ಬರೀ ಒಲೆ ಸದ್ದು."

ತೆಂಗಿನ ಗರಿ, ಕರಟ ಉರಿಸಿ ಅರವತ್ತು ವರ್ಷ ತಾಮ್ರದ ಹಂಡೆ ಕಾಯಿಸಿದ ಕಿವಿ ಅದು. ನನ್ನ ಸ್ಟೆತಾಸ್ಕೋಪಿಗೆ ಅಷ್ಟು ಅನುಭವವಿಲ್ಲ. ಸ್ವಿಚ್ ಆರಿಸಿ, ಮಂಚದಡಿಯ ಹಲಗೆ ಸರಿಸಿ, ಹೀಟರಿನ ಹಿಂಭಾಗಕ್ಕೆ ಟಾರ್ಚ್ ಬಿಟ್ಟೆ. ಅಲ್ಲಿ ಮೂರು ವಾಲ್ವುಗಳು. ಹೀಟರಿಗೆ ನೀರು ಹೋಗುವುದು ಮುಚ್ಚಿದೆ, ಹೀಟರಿನಿಂದ ಬರುವುದು ಮುಚ್ಚಿದೆ, ನಡುವಿನ ಬೈಪಾಸ್ ತೆರೆದಿದೆ. ತಣ್ಣೀರು ಹೀಟರನ್ನು ಬಳಸಿಕೊಂಡು ನೇರವಾಗಿ ಬಿಸಿನೀರಿನ ಪೈಪಿಗೆ ಹೋಗುತ್ತಿದೆ. ಹಂಡೆ ಖಾಲಿ. ಖಾಲಿ ಹಂಡೆಗೆ ಇಪ್ಪತ್ತು ನಿಮಿಷ ಉರಿ ಹಾಕಿದ್ದೇನೆ! ಗ್ಯಾಸಿನ ಉರಿಯಾದ್ದರಿಂದ, ಅತಿಯಾಗಿ ಕಾದಾಗ ತಾನೇ ಆರುತ್ತಿದ್ದುದರಿಂದ ಬಚಾವ್. ಕರೆಂಟಿನ ಕಾಯಿಲ್ ಆಗಿದ್ದರೆ ಸುಟ್ಟೇ ಹೋಗಿರುತ್ತಿತ್ತು.

ಆ ವಾಲ್ವುಗಳನ್ನು ಹಾಗೆ ತಿರುಗಿಸಿದ ಕೈ ಯಾರದು? ನನ್ನದೇ. ಹಿಂದಿನ ಅಕ್ಟೋಬರಿನಲ್ಲಿ.

ಊರಿನಲ್ಲಿ ದೀಪಾವಳಿ ಶುರುವಾಗುವುದೇ ನೀರು ತುಂಬುವ ಹಬ್ಬದಿಂದ. ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಿಂಡ್ಲಕಾಯಿ ಬಳ್ಳಿ ಸುತ್ತಿ, ಸಂಜೆ ನೀರು ತುಂಬಿ ಪೂಜೆ ಮಾಡಿದರೆ, ಮಾರನೆಯ ಬೆಳಗ್ಗೆ ಎಣ್ಣೆಸ್ನಾನ. ನ್ಯೂಜೆರ್ಸಿಯಲ್ಲಿ ಅದೇ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟಲು ಶುರು. ಮೋಟರ್‌ಹೋಮ್ ಇಟ್ಟುಕೊಂಡವರಿಗೆ ಅದು ನೀರು ಖಾಲಿ ಮಾಡುವ ಹಬ್ಬ. ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಪಂಪು, ವಾಲ್ವುಗಳನ್ನು ಸೀಳುತ್ತದೆ. ಹಾಗಾಗಿ ಟ್ಯಾಂಕು, ಹೀಟರ್ ಬಸಿದು, ಹೀಟರಿಗೆ ಬೈಪಾಸ್ ಮಾಡಿ, ಉಳಿದ ಪೈಪುಗಳಿಗೆ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ತುಂಬುತ್ತೇವೆ. ಬೈಪಾಸ್ ಇಲ್ಲದಿದ್ದರೆ ಆರು ಗ್ಯಾಲನ್ ಆ್ಯಂಟಿಫ್ರೀಜನ್ನು ಹಂಡೆಯೇ ಕುಡಿದುಬಿಡುತ್ತದೆ. ಏಪ್ರಿಲಿನಲ್ಲಿ ನಲ್ಲಿಗಳಲ್ಲಿ ಗುಲಾಬಿ ಬಣ್ಣ ಹೋಗುವವರೆಗೆ ನೀರು ಬಿಟ್ಟು ತೊಳೆದಿದ್ದೆ. ಬೈಪಾಸ್ ತಿರುಗಿಸುವುದನ್ನು ಮಾತ್ರ ಮರೆತಿದ್ದೆ.

ಇಲ್ಲಿ ಡಾಕ್ಟರಾಗಿ ಒಂದು ಮಾತು ಹೇಳಲೇಬೇಕು. ಗುಲಾಬಿ ಬಣ್ಣ ನೋಡಿದರೆ ಸಾಲದು, ಡಬ್ಬದ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಎಂದು, ಕುಡಿಯುವ ನೀರಿನ ಪೈಪಿಗೆ ಬಳಸಬಹುದೆಂದು ಬರೆದಿರಬೇಕು. ಕೆಲವು ಔಷಧಿಗಳಲ್ಲೂ ಇರುವ ವಸ್ತು ಅದು. ಕಾರಿನ ಎಂಜಿನ್ನಿಗೆ ಸಾಮಾನ್ಯವಾಗಿ ಹಾಕುವುದು ಎಥಿಲೀನ್ ಗ್ಲೈಕಾಲ್. ರುಚಿಗೆ ಸಿಹಿ, ಹೊಟ್ಟೆಗೆ ಹೋದರೆ ವಿಷ. ದೇಹದಲ್ಲಿ ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡ ಕೆಡಿಸುತ್ತದೆ. ಗ್ಯಾರೇಜಿನಲ್ಲಿ ಎರಡನ್ನೂ ಅಕ್ಕಪಕ್ಕ ಇಡಬೇಡಿ. ಇನ್ನು, ತಿಂಗಳುಗಟ್ಟಲೆ ಮುಚ್ಚಿಟ್ಟ ಪೈಪಿಗೆ ಪ್ರತಿ 15 ಗ್ಯಾಲನ್ ನೀರಿಗೆ ಕಾಲು ಕಪ್ ವಾಸನೆಯಿಲ್ಲದ ಬ್ಲೀಚ್ ಬೆರೆಸಿ, ಎಲ್ಲ ನಲ್ಲಿಗಳವರೆಗೂ ಹರಿಸಿ, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಿರಿ. 1976ರಲ್ಲಿ ಇಲ್ಲೇ ಪಕ್ಕದ ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರನ್ನು ಕೊಂದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ನಿಂತ ಉಗುರುಬೆಚ್ಚನೆಯ ನೀರೆಂದರೆ ಹಬ್ಬ. ಅದು ಕುಡಿಯುವುದಕ್ಕಿಂತ ಹೆಚ್ಚಾಗಿ ಶವರಿನ ಹನಿಯ ಮೂಲಕ ಶ್ವಾಸಕೋಶ ಸೇರುತ್ತದೆ.

ಮತ್ತೆ ಆ ಬೆಳಗಿನ ಜಾವಕ್ಕೆ ಬರುತ್ತೇನೆ. ಕಾದ ಖಾಲಿ ಹಂಡೆಗೆ ತಣ್ಣೀರು ಸುರಿಯಬಾರದು, ಆರುವವರೆಗೆ ಕಾಯಬೇಕು. ಗಂಟೆ ನಾಲ್ಕೂಕಾಲು. ಅಮ್ಮ ಗಡಿಯಾರ ನೋಡುವುದು, ನನ್ನನ್ನು ನೋಡುವುದು. ನಾಲ್ಕೂವರೆಗೆ ಎರಡು ವಾಲ್ವು ತೆರೆದು ಬೈಪಾಸ್ ಮುಚ್ಚಿದೆ. ಬಿಸಿನೀರಿನ ನಲ್ಲಿ ಕೆಮ್ಮಿತು, ಉಗುಳಿತು, ಗಾಳಿಯೆಲ್ಲ ಹೋಗಿ ಕೊನೆಗೆ ಒಂದೇ ಸಮನೆ ಹರಿಯಿತು. ಈಗ ಹಂಡೆ ತುಂಬಿದೆ. ಉರಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ, ನಿಜಕ್ಕೂ, ಗುಂಯ್ ಎಂಬ ಸದ್ದು.

ಐದಕ್ಕೆ ಹತ್ತು ನಿಮಿಷ ಇರುವಾಗ ಅಮ್ಮ, "ಉಗುರುಬೆಚ್ಚಗಿದ್ದರೆ ಸಾಕು, ಬಿಡು" ಎಂದು ಬಕೆಟ್ ತುಂಬಿಸಿಕೊಂಡರು. ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲು ಸುತ್ತಿ, ಅಡುಗೆಕಟ್ಟೆಯ ಮೇಲೆ ಚಿಕ್ಕ ದೀಪ ಹಚ್ಚಿದರು. ಆಮೇಲೆ, "ತಮ್ಮನಿಗೆ ಫೋನ್ ಹಾಕು, ವಿಡಿಯೋ" ಎಂದರು.

ನಮ್ಮ ಐದು ಗಂಟೆ ಅರಸೀಕೆರೆಯ ಎರಡೂವರೆ. ತಮ್ಮ ಮಡಿಯಲ್ಲಿ ಕೂತು ಪಿಂಡ ಇಡುತ್ತಿದ್ದ. ಅಪ್ಪ ಹೋದದ್ದು ಜೂನ್‌ನಲ್ಲಿ. ನಾನು ತಾರೀಖು ನೆನಪಿಟ್ಟುಕೊಂಡು ಮಠಕ್ಕೆ ಹಣ ಕಳಿಸುವವನು. ಅಮ್ಮನದು ತಿಥಿಯ ಲೆಕ್ಕ. ಆ ವರ್ಷ ದಶಮಿ ಮೇ ತಿಂಗಳಲ್ಲೇ ಬಂದಿತ್ತು.

"ಮೊದಲೇ ಯಾಕೆ ಹೇಳಲಿಲ್ಲಮ್ಮ?"

"ಹೇಳಿದ್ದರೆ ಟೂರು ನಿಲ್ಲಿಸ್ತಿದ್ದೆ. ಮಕ್ಕಳು ಆಸೆಪಟ್ಟಿದ್ದವು. ನೀನೂ ಒಂದು ಚೊಂಬು ಹಾಕ್ಕೊಂಡು ಬಾ, ಹೋಗು."

ಹಂಡೆಯಲ್ಲಿ ಅಷ್ಟರಲ್ಲಿ ಬಿಸಿ ಉಳಿದಿರಲಿಲ್ಲ. ತಣ್ಣೀರಿನಲ್ಲೇ ಮಿಂದು ಬಂದು, ಫೋನಿನ ಪರದೆಯ ಮುಂದೆ ಅಮ್ಮನ ಪಕ್ಕ ಕೂತೆ. ಹಿಂದಿನ ಮಂಚದಲ್ಲಿ ಮಕ್ಕಳು ಮಲಗಿದ್ದರು.

ಅಮ್ಮ ಆಗಸ್ಟಿನಲ್ಲಿ ಊರಿಗೆ ಹೋದರು. ಮೊನ್ನೆ ಶನಿವಾರ ಗಾಡಿಯ ನೀರು ಬಸಿದು, ಬೈಪಾಸ್ ತಿರುಗಿಸಿ, ಹೀಟರಿನ ಸ್ವಿಚ್ಚಿನ ಮೇಲೆ ಅಡ್ಡಲಾಗಿ ಒಂದು ಚೀಟಿ ಅಂಟಿಸಿದೆ: "ಹಂಡೆ ಖಾಲಿ. ಒಲೆ ಹಚ್ಚಬೇಡಿ." ಮಾರನೆಯ ದಿನ ನಮ್ಮ ಗುಜರಾತಿ ಪಾಲುದಾರರು ಫೋನ್ ಮಾಡಿ, ಇದೇನು ಮಂತ್ರವೇ, ತೆಗೆಯಬಹುದೇ ಎಂದು ಕೇಳಿದರು. ಕೆಳಗೆ ಇಂಗ್ಲಿಷಿನಲ್ಲೂ ಬರೆದು ಬಂದೆ.