ಗಾಡ್‌ಫಾದರ್ ಸ್ಟೇಟಸ್ ಹಾಕುವ ಮೊದಲು ಸಿನಿಮಾ ಕೊನೆತನಕ ನೋಡಿ

ಕರಿ ಕೋಟು, ಎದೆ ಮೇಲೆ ಕೆಂಪು ಗುಲಾಬಿ, ತೊಡೆ ಮೇಲೊಂದು ಬೆಕ್ಕು. ಈ ಫೋಟೊ ನಿಮ್ಮ ಫೋನಿಗೂ ಬಂದಿರುತ್ತದೆ. ಕೆಳಗೆ 'ಫ್ಯಾಮಿಲಿ ಮೊದಲು, ಉಳಿದದ್ದೆಲ್ಲ ಆಮೇಲೆ' ಅನ್ನುವಂಥ ಒಂದು ಸಾಲು. ಫೋಟೊದಲ್ಲಿರುವವನು ಡಾನ್ ವಿಟೊ ಕಾರ್ಲಿಯೋನೆ. 1972ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಮಾಡಿದ 'ದಿ ಗಾಡ್‌ಫಾದರ್' ಸಿನಿಮಾದಲ್ಲಿ ಮರ್ಲಾನ್ ಬ್ರಾಂಡೊ ಮಾಡಿದ ಪಾತ್ರ.

ಸಿನಿಮಾ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನಾನೂ ಮತ್ತೆ ಮತ್ತೆ ನೋಡಿದ್ದೇನೆ. ನನ್ನ ತಕರಾರು ಇರುವುದು ಅದನ್ನು ಮೆಚ್ಚುವ ರೀತಿಯ ಮೇಲೆ. ಇದನ್ನು ಕುಟುಂಬ ನಿಷ್ಠೆಯ ಪಾಠ ಅಂತ ಹಂಚುವವರು ಸಿನಿಮಾವನ್ನು ಅರ್ಧಕ್ಕೇ ಬಿಟ್ಟು ಎದ್ದವರು. ಆ ನಿಷ್ಠೆಯ ಹೆಸರಿನಲ್ಲೇ ಒಂದು ಮನೆ ಹಾಳಾದ ಕತೆ ಇದು.

ಲೆಕ್ಕ ಹಾಕಿ ನೋಡಿ. ಹಿರಿಮಗ ಸನ್ನಿ, ತಂಗಿಗೆ ಹೊಡೆದ ಭಾವ ಕಾರ್ಲೊನನ್ನು ಬೀದಿಯಲ್ಲಿ ಚಚ್ಚುತ್ತಾನೆ. ವೈರಿಗಳು ಆ ಸಿಟ್ಟನ್ನೇ ಬಲೆ ಮಾಡಿಕೊಂಡು ಅವನನ್ನು ಟೋಲ್ ಗೇಟಿನಲ್ಲಿ ಗುಂಡಿಟ್ಟು ಕೊಲ್ಲುತ್ತಾರೆ. ಕಿರಿಮಗ ಮೈಕೆಲ್ (ಅಲ್ ಪಚಿನೊ) ಯುದ್ಧದಲ್ಲಿ ಹೆಸರು ಮಾಡಿ ಬಂದವನು. ನಮ್ಮ ಮನೆಯವರು ಹಾಗೆ, ನಾನು ಹಾಗಲ್ಲ ಎಂದು ಗೆಳತಿ ಕೇಗೆ ಹೇಳಿದವನು. ಅವನ ಮೊದಲ ಹೆಂಡತಿ ಅಪೊಲೋನಿಯಾ ಸಿಸಿಲಿಯಲ್ಲಿ ಕಾರ್ ಬಾಂಬಿಗೆ ಬಲಿ. ಆಮೇಲೆ ಅವನೇ ಡಾನ್. ಚರ್ಚಿನಲ್ಲಿ ತಂಗಿಯ ಮಗುವಿಗೆ ಗಾಡ್‌ಫಾದರ್ ಆಗಿ ನಿಲ್ಲುತ್ತಾನೆ, ಅದೇ ದಿನ ಆ ಮಗುವಿನ ಅಪ್ಪನನ್ನು ಕತ್ತು ಬಿಗಿಸಿ ಕೊಲ್ಲಿಸುತ್ತಾನೆ. 1974ರ ಎರಡನೇ ಭಾಗದಲ್ಲಿ ಒಡಹುಟ್ಟಿದ ಅಣ್ಣ ಫ್ರೆಡೊನ ಸರದಿ, ಕೆರೆಯ ಮಧ್ಯೆ ದೋಣಿಯಲ್ಲಿ. ಇದೇನಾ ಫ್ಯಾಮಿಲಿ ಮೊದಲು?

'ಆದರೂ ಡಾನ್ ನೀತಿವಂತ, ಡ್ರಗ್ಸ್ ದಂಧೆ ಬೇಡ ಅಂದನಲ್ಲ' ಅನ್ನುತ್ತಾರೆ. ಯಾಕೆ ಬೇಡ ಅಂದ? ಯಾರು ಏನು ಮಾಡಿ ಹೊಟ್ಟೆ ಹೊರೆದರೂ ನನಗೇನೂ ಇಲ್ಲ, ಆದರೆ ಈ ದಂಧೆಗೆ ಇಳಿದರೆ ನನ್ನ ರಾಜಕಾರಣಿ ಗೆಳೆಯರು ಕೈಬಿಡುತ್ತಾರೆ ಎಂದು ಅವನೇ ಹೇಳುತ್ತಾನೆ. ಅದು ನೀತಿಯಲ್ಲ, ವ್ಯಾಪಾರದ ಲೆಕ್ಕ. ಆಮೇಲೆ ಡಾನ್‌ಗಳ ಸಭೆಯಲ್ಲಿ ಒಬ್ಬ, ನಮ್ಮ ಮಕ್ಕಳಿಗೆ ಬೇಡ, ಕಪ್ಪು ಜನರಿಗೆ ಮಾರೋಣ, ಅವರು ಹೇಗೂ ಪ್ರಾಣಿಗಳು ಅನ್ನುತ್ತಾನೆ. ಮೇಜಿನ ಸುತ್ತ ಕೂತ ಒಬ್ಬನೂ ಅದಕ್ಕೆ ಛೀ ಅನ್ನುವುದಿಲ್ಲ. ನಮ್ಮ ಡಾನೂ ಅನ್ನುವುದಿಲ್ಲ. ನಮ್ಮವರು, ನಮ್ಮವರು ಎಂದು ಎದೆ ತಟ್ಟಿಕೊಳ್ಳುವ ನಿಷ್ಠೆಗೆ ಬೇರೆಯವರ ಮಕ್ಕಳು ಮಕ್ಕಳಾಗಿ ಕಾಣುವುದೇ ಇಲ್ಲ. ಜಾತಿ ನೋಡಿ ಲೋಟ ಬೇರೆ ಇಡುವುದನ್ನು ಕಂಡವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಾದ ಸ್ವಲ್ಪ ಗಟ್ಟಿಯಾಗಿದೆ. ಕೋರ್ಟಿನಲ್ಲಿ ನ್ಯಾಯ ಸಿಗದ ಅಪ್ಪನಿಗೆ ಡಾನ್ ನ್ಯಾಯ ಕೊಡಿಸಲಿಲ್ಲವೇ? ಸಿನಿಮಾ ಶುರುವಾಗುವುದೇ ಅಲ್ಲಿಂದ. ಹೆಣಕ್ಕೆ ಸಿಂಗಾರ ಮಾಡುವ ಕಸುಬಿನ ಬೊನಸೆರಾ, ಮಗಳನ್ನು ಹೊಡೆದು ಹಾಕಿದ ಹುಡುಗರು ಜೈಲಿಗೂ ಹೋಗದೆ ಮನೆಗೆ ಹೋದರು ಎಂದು ಅಳುತ್ತಾನೆ. ಅವನ ನೋವು ಸುಳ್ಳಲ್ಲ. ಕೋರ್ಟು ಕಚೇರಿ ಅಲೆದವರಿಗೆ ಅದು ಗೊತ್ತು. ಆದರೆ ಆ ಡಾನ್ ಯಾರು? ಜಡ್ಜುಗಳನ್ನೂ ರಾಜಕಾರಣಿಗಳನ್ನೂ ಜೇಬಿನಲ್ಲಿ ಇಟ್ಟುಕೊಂಡವನು ಎಂದು ಊರಿಗೆಲ್ಲ ಗೊತ್ತಿರುವವನು. ಕಾನೂನನ್ನು ಕೊಂಡು ಕೊಳೆಸುವವನೇ ಆಮೇಲೆ ಧರ್ಮಾತ್ಮನಂತೆ ನ್ಯಾಯ ಹಂಚಲು ಕೂರುತ್ತಾನೆ. ಬಾವಿಗೆ ಮಣ್ಣು ಮುಚ್ಚಿಸಿ ಟ್ಯಾಂಕರಿನಲ್ಲಿ ನೀರು ಕೊಟ್ಟು ಕೈ ಮುಗಿಸಿಕೊಂಡ ಹಾಗೆ. ಅದೂ ಪುಕ್ಕಟೆಯಲ್ಲ. ಬೊನಸೆರಾ ಮೊದಲು ಅವನ ಕೈಗೆ ಮುತ್ತಿಡಬೇಕು. ಮುಂದೊಂದು ರಾತ್ರಿ ಗುಂಡು ತೂರಿ ಜರಡಿಯಾದ ಸನ್ನಿಯ ಹೆಣವನ್ನು ತಾಯಿ ನೋಡುವಂತೆ ಮಾಡಿಕೊಟ್ಟು ಆ ಋಣ ತೀರಿಸಬೇಕು.

ತಮಾಷೆ ಎಂದರೆ ಡಾನ್‌ಗೇ ಈ ಬಾಳು ಸರಿ ಅನಿಸಿರಲಿಲ್ಲ. ಮುದುಕನಾದಾಗ ತೋಟದಲ್ಲಿ ಕೂತು ಮೈಕೆಲ್‌ಗೆ, ನೀನು ಇದಕ್ಕೆ ಬರುವುದು ನನಗೆ ಬೇಕಿರಲಿಲ್ಲ, ಸೆನೆಟರೋ ಗವರ್ನರೋ ಆಗಬೇಕಿತ್ತು ಎಂದು ಕೊರಗುತ್ತಾನೆ. ಅವನು ತನ್ನ ಮಗನಿಗೆ ಬೇಡ ಅಂದ ದಾರಿಯನ್ನು ನಮ್ಮ ಹುಡುಗರು ಸ್ಟೇಟಸ್ ಹಾಕಿ ಪೂಜಿಸುತ್ತಾರೆ.

ಕೊನೆಯ ದೃಶ್ಯಕ್ಕೆ ಬನ್ನಿ. ಕೇ ಈಗ ಮೈಕೆಲ್‌ನ ಹೆಂಡತಿ. ನಾದಿನಿಯ ಗಂಡನನ್ನು ನೀನೇ ಕೊಲ್ಲಿಸಿದೆಯಾ ಎಂದು ಕೇಳುತ್ತಾಳೆ. ಅವನು ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಅನ್ನುತ್ತಾನೆ. ಅವಳು ಆಚೆ ಬಂದು ತಿರುಗಿ ನೋಡಿದರೆ, ಒಳಗೆ ಗಂಡಸರು ಅವನ ಕೈಗೆ ಮುತ್ತಿಡುತ್ತಿದ್ದಾರೆ. ಅವಳ ಮುಖದ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಿನಿಮಾ ಮುಗಿಯಿತು.

ಸ್ಟೇಟಸ್ ಹಾಕಲೇಬೇಕು ಅಂತಿದ್ದರೆ ಬೆಕ್ಕಿನ ಫೋಟೊ ಬಿಡಿ. ಆ ಬಾಗಿಲಿನ ಫೋಟೊ ಹಾಕಿ.