ಮುಖ ಕಾಣದ ಚಿತ್ರ

ಕ್ಲಾಡ್ ಮೋನೆ ಬರೆದ ಕೆಂಪು ಹೂವಿನ ಬಯಲಿನ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಕ್ಯಾಲೆಂಡರಿನಲ್ಲೋ, ಡೈರಿಯ ರಟ್ಟಿನ ಮೇಲೋ, ಯಾರದೋ ಮನೆಯ ಹಾಲ್‌ನಲ್ಲೋ. ಪ್ಯಾರಿಸ್ ಹತ್ತಿರದ ಆರ್ಜಾಂತೊಯ್ ಊರಿನಲ್ಲಿ ವಾಸವಿದ್ದಾಗ, 1873ರಲ್ಲಿ ಬರೆದದ್ದು. ಈಗ ಪ್ಯಾರಿಸ್‌ನ ಒರ್ಸೆ ಮ್ಯೂಸಿಯಂನಲ್ಲಿದೆ. ಅಗಲ 65 ಸೆಂ.ಮೀ., ಎತ್ತರ 50. ಅಷ್ಟೇನೂ ದೊಡ್ಡದಲ್ಲ.

ಆ ಹೂವು ನಾವು ಪಾಯಸಕ್ಕೆ ಹಾಕೋ ಗಸಗಸೆಯ ದಾಯಾದಿ. ಯಾರೂ ಬಿತ್ತಿದ್ದಲ್ಲ, ನೀರೆರೆದದ್ದಲ್ಲ. ಗೋಧಿ ಬೆಳೆಯೋ ರೈತನಿಗೆ ಅದು ಬರೀ ಕಳೆ. ಮೋನೆ ಆ ಕಳೆಗೇ ಬಯಲಿನ ಒಂದು ಪಕ್ಕವನ್ನು ಬಿಟ್ಟುಕೊಟ್ಟಿದ್ದಾನೆ. ಹತ್ತಿರದಿಂದ ನೋಡಿದರೆ ಒಂದು ಎಸಳೂ ಸಿಗೋದಿಲ್ಲ, ಎಲ್ಲ ಕೆಂಪು ಚುಕ್ಕೆಗಳೇ. ಎದುರಿಗಿರುವ ಚುಕ್ಕೆಗಳಂತೂ ಇರಬೇಕಾದ್ದಕ್ಕಿಂತ ದೊಡ್ಡವು. ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ, ಅವೇ ಚುಕ್ಕೆಗಳು ಹೂವಾಗುತ್ತವೆ, ಹುಲ್ಲಿನ ಮೇಲೆ ಗಾಳಿ ಬೀಸಿದಂತಾಗುತ್ತದೆ.

ಹುಲ್ಲಿನ ನಡುವೆ ಕೊಡೆ ಹಿಡಿದ ಒಬ್ಬ ಹೆಂಗಸು, ಪಕ್ಕದಲ್ಲಿ ಒಂದು ಮಗು. ಹಿಂದೆ ದಿಣ್ಣೆಯ ಮೇಲೂ ಅಂಥದೇ ಒಂದು ಜೋಡಿ. ಮುಂದಿನವರು ಮೋನೆಯ ಹೆಂಡತಿ ಕಮೀಲ್ ಮತ್ತು ಮಗ ಜಾಂ ಇರಬೇಕು ಅಂತಾರೆ. ಆದರೆ ಆಕೆಯ ಮುಖದಲ್ಲಿ ಕಣ್ಣು, ಮೂಗು ಹುಡುಕಬೇಡಿ, ಸಿಗೋದಿಲ್ಲ. ಹೂವಿಗೆ ಎಷ್ಟು ಬಣ್ಣವೋ ಹೆಂಡತಿಗೂ ಅಷ್ಟೇ!

ಮುಂದಿನ ವರ್ಷ, 1874ರಲ್ಲಿ, ಈ ಚಿತ್ರ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನದಲ್ಲಿತ್ತು. ಇವು ಅರೆಬರೆ ಚಿತ್ರಗಳು ಎಂದು ಆ ಪ್ರದರ್ಶನವನ್ನು ನೋಡಿ ನಕ್ಕವರಿದ್ದರು. 1879ರಲ್ಲಿ ಕಮೀಲ್ ತೀರಿಕೊಂಡಳು. ಆಗ ಅವಳಿಗೆ ಬರೀ 32 ವರ್ಷ.

ಇದನ್ನು ತಿಳಿದ ಮೇಲೆ ಆ ಚಿತ್ರ ನನಗೆ ಬರೀ ಹೂವಿನ ಚಿತ್ರವಾಗಿ ಉಳಿದಿಲ್ಲ. ಕೂರಿಸಿ, ಮುಖ ತಿದ್ದಿ ಬರೆದಿದ್ದರೆ ಕಮೀಲ್ ಹೇಗಿದ್ದಳು ಅಂತ ಗೊತ್ತಾಗುತ್ತಿತ್ತು. ಇಲ್ಲಿ ಅವಳು ಬಿಸಿಲಲ್ಲಿ ಮಗನ ಜೊತೆ ಹೇಗೆ ನಡೆದು ಬರುತ್ತಿದ್ದಳು ಅನ್ನೋದು ಉಳಿದಿದೆ.

ನಮ್ಮಮ್ಮ ಹೋಗಿ ಒಂಬತ್ತು ವರ್ಷ. ಸ್ಟುಡಿಯೋದಲ್ಲಿ ತೆಗೆಸಿದ ಫೋಟೋಗೆ ಹಾರ ಹಾಕಿದ್ದೇವೆ. ಅದರಲ್ಲಿ ಅಮ್ಮ ನಗೋದೇ ಇಲ್ಲ. ನಾನು ಮತ್ತೆ ಮತ್ತೆ ನೋಡೋದು ಇನ್ನೊಂದನ್ನು: ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಹೋಗುತ್ತಿರುವ ಅಮ್ಮನ ಬೆನ್ನು, ಅದೂ ಮಸುಕು ಮಸುಕು. ಆ ನಡಿಗೆ ಸಾಕು, ಅಮ್ಮನೇ ಅಂತ ಗೊತ್ತಾಗುತ್ತೆ.

ನಿಮ್ಮ ಫೋನಿನಲ್ಲೂ ಅಂಥದ್ದೊಂದು ಇರಬಹುದು. ಸರಿಯಾಗಿ ಬಂದಿಲ್ಲ ಅಂತ ಅಳಿಸಿಬಿಡಬೇಡಿ.